ಮೀನು ಸಾಕುವ ಮೊದಲು ನೀರು ಸಾಕಿ



ಭಟ್ಕಳದ ಓದುಗ ಸಹೋದರಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. "ಮಗಳ ಹಠಕ್ಕೆ ಮಣಿದು ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ನಾಲ್ಕು ಸಮುದ್ರ ಮೀನುಗಳನ್ನು ತಂದೆವು. ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಲೈಟು ಎಲ್ಲವನ್ನೂ ಅದೇ ದಿನ ತಂದು ಜೋಡಿಸಿದೆವು. ಒಂದು ವಾರದೊಳಗೆ ಒಂದೊಂದಾಗಿ ನಾಲ್ಕೂ ಸತ್ತವು. ಮಗಳು ಊಟ ಬಿಟ್ಟಿದ್ದಾಳೆ. ಇದು ಯಾವ ರೋಗ? ಇದಕ್ಕೆ ಔಷಧಿ ಏನು?" ಎಂದು ಅವರು ಕೇಳಿದ್ದಾರೆ.

ಸಹೋದರಿ, ನಿಮ್ಮ ಮೀನುಗಳಿಗೆ ಬಹುಶಃ ರೋಗವೇ ಇರಲಿಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಕೈಯಿಂದಲೇ ಇಂತಹ ಒಂದು ತಪ್ಪು ನಡೆದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂಬತ್ತು ವರ್ಷಗಳ ಹಿಂದಿನ ಮಾತು. ದುಬೈಯಿಂದ ರಜೆಯಲ್ಲಿ ಬಂದಿದ್ದ ನನ್ನ ತಮ್ಮ, ಸೋದರಳಿಯನಿಗೆಂದು ಒಂದು ಅಕ್ವೇರಿಯಂ ಕೊಡಿಸಿದ. ಅಂಗಡಿಯ ಹುಡುಗ, "ಟೀಚರ್, ಇದು ಉಪ್ಪುನೀರಿನ ಮೀನು. ಟ್ಯಾಂಕ್ ಕಟ್ಟಿ ಒಂದು ತಿಂಗಳು ಬಿಡಿ, ಮೀನನ್ನು ಆಮೇಲೆ ಕೊಡುತ್ತೇನೆ" ಎಂದು ಸ್ಪಷ್ಟವಾಗಿಯೇ ಹೇಳಿದ್ದ. ಆದರೆ ಈದ್‌ಗೆ ಐದೇ ದಿನಗಳಿದ್ದವು. ಮನೆಗೆ ನೆಂಟರು ಬರುವವರಿದ್ದರು. ಹಬ್ಬದ ದಿನ ಖಾಲಿ ತೊಟ್ಟಿ ಇಟ್ಟುಕೊಂಡು ಕೂರುವುದು ಹೇಗೆ? ನಾನು ಒತ್ತಾಯ ಮಾಡಿ ಎರಡು ಮೀನುಗಳನ್ನು ತಂದೆ.

ಹಬ್ಬದ ದಿನ ಎಲ್ಲರೂ ಮೆಚ್ಚಿಕೊಂಡರು. ಮರುದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಮೂರನೆಯ ದಿನ ಬೆಳಿಗ್ಗೆ ಎರಡೂ ತಳದಲ್ಲಿ ಬಿದ್ದಿದ್ದವು. ಒಂಬತ್ತು ವರ್ಷದ ಮಗ ನನ್ನ ಸೆರಗು ಹಿಡಿದು, "ಉಮ್ಮಾ, ನಾನು ಜಾಸ್ತಿ ತಿಂಡಿ ಹಾಕಿದ್ದಕ್ಕೆ ಸತ್ತವಾ?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ನನ್ನ ಮೌನವನ್ನು ಅವನು ಹೌದು ಎಂದೇ ತಿಳಿದುಕೊಂಡ. ಎರಡು ವಾರ ಆ ಮಗು ಆ ತೊಟ್ಟಿಯ ಹತ್ತಿರ ಸುಳಿಯಲಿಲ್ಲ.

ಸತ್ತದ್ದು ಎರಡು ಪುಟ್ಟ ಜೀವಗಳು, ನಿಜ. ಆದರೆ ನನ್ನ ಅವಸರದ ಹೊರೆಯನ್ನು ಮಗುವಿನ ತಲೆಯ ಮೇಲೆ ಹೊರಿಸಿದ್ದು ಅದಕ್ಕಿಂತಲೂ ದೊಡ್ಡ ತಪ್ಪು. ಕೊನೆಗೆ ಒಂದು ರಾತ್ರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಿದೆ. "ಮಗೂ, ತಪ್ಪು ನಿನ್ನದಲ್ಲ. ಅಂಗಡಿಯವನು ಕಾಯಲು ಹೇಳಿದ್ದ. ನಾನು ಕಾಯಲಿಲ್ಲ." ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಈ ಸಲ ಕಾಯೋಣ" ಎಂದ. ನಾವಿಬ್ಬರೂ ಕಾದೆವು. ಕಾಯುತ್ತಾ ಕಲಿತದ್ದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಯಾವುದು ಈ ಮೀನು?

ಇದರ ಹೆಸರು ಕ್ಲೌನ್ ಮೀನು. ವಿಜ್ಞಾನಿಗಳು ಇದನ್ನು ಆಂಫಿಪ್ರಿಯಾನ್ ಓಸೆಲ್ಲಾರಿಸ್ ಎನ್ನುತ್ತಾರೆ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಎಂಬ ಅನಿಮೇಶನ್ ಚಿತ್ರದ ನಂತರ ಮಕ್ಕಳ ಬಾಯಲ್ಲಿ ಇದು ನೀಮೋ ಆಗಿದೆ. ಕಡಲ ತಳದಲ್ಲಿ ಹೂವಿನಂತೆ ಅರಳಿರುವ ಸೀ ಅನಿಮೋನ್ ಎಂಬ ಜೀವಿಯ ಎಸಳುಗಳ ನಡುವೆ ಇದರ ವಾಸ. ಆ ಎಸಳುಗಳು ಬೇರೆ ಮೀನುಗಳನ್ನು ಕುಟುಕುತ್ತವೆ. ಕ್ಲೌನ್ ಮೀನಿನ ಮೈಮೇಲಿನ ಲೋಳೆ ಮಾತ್ರ ಅದನ್ನು ಕಾಪಾಡುತ್ತದೆ. ಸೃಷ್ಟಿಕರ್ತನು ಎಂಥೆಂಥ ನೆರೆಹೊರೆಯನ್ನು ಜೋಡಿಸಿದ್ದಾನೆ ನೋಡಿ!

ಇನ್ನೊಂದು ವಿಶೇಷವಿದೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ದೊಡ್ಡದಾದ ಒಂದು ಮಾತ್ರ ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಗಾರ ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ಜೋಡಿ ಬೇಕೆಂದರೆ ಗಂಡು ಹೆಣ್ಣು ಎಂದು ಹುಡುಕಬೇಕಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು ಹೀಗೆ ಎರಡು ಎಳೆಯ ಮೀನುಗಳನ್ನು ತಂದರೆ ಸಾಕು. ಎರಡಕ್ಕಿಂತ ಹೆಚ್ಚು ತರಬೇಡಿ. ಬೆಳೆದಂತೆ ಜೋಡಿಯು ಉಳಿದವುಗಳನ್ನು ಕಚ್ಚಿ ಓಡಿಸುತ್ತದೆ. ಪುಟ್ಟ ತೊಟ್ಟಿಯಲ್ಲಿ ಅವು ಓಡುವುದಾದರೂ ಎಲ್ಲಿಗೆ?

ಚೆನ್ನಾಗಿ ನೋಡಿಕೊಂಡರೆ ಈ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಅಂದರೆ ಒಂದನೇ ತರಗತಿಯ ಮಗುವಿಗೆ ತಂದುಕೊಟ್ಟ ಮೀನು ಅದು ಕಾಲೇಜು ಸೇರುವಾಗಲೂ ಇರಬಹುದು. ತರುವ ಮೊದಲು ಇದನ್ನು ಯೋಚಿಸಿ.

ಹೆಪ್ಪು ಹಾಕದೆ ಮೊಸರಾಗದು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸ ತೊಟ್ಟಿಯಲ್ಲಿ ಮೀನು ಸಾಯುವುದೇಕೆ?

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾ ಎಂಬ ವಿಷವನ್ನು ಹೊರಹಾಕುತ್ತಲೇ ಇರುತ್ತದೆ. ಉಳಿದ ತಿಂಡಿ ಕೊಳೆತಾಗಲೂ ಅದೇ ಅಮೋನಿಯಾ ಹುಟ್ಟುತ್ತದೆ. ವಿಶಾಲವಾದ ಸಮುದ್ರದಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ನೂರು ಲೀಟರಿನ ತೊಟ್ಟಿಯಲ್ಲಿ ಅದು ಮೀನಿನ ಕಿವಿರನ್ನೇ ಸುಡುತ್ತದೆ. ಇದನ್ನು ತಡೆಯುವವರು ಯಾರು? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಾಯಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ಹೆಚ್ಚಾಗದಂತೆ ನೋಡಿಕೊಂಡರೆ ಸಾಕು.

ಈ ಬ್ಯಾಕ್ಟೀರಿಯಾಗಳು ಕಲ್ಲಿನ ಮೇಲೆ, ಮರಳಿನಲ್ಲಿ, ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟರೆ ಅದು ತನ್ನ ಸಮಯಕ್ಕೇ ಮೊಸರಾಗುತ್ತದೆ. ಪದೇ ಪದೇ ಮುಚ್ಚಳ ತೆಗೆದು ನೋಡಿದರೆ ಬೇಗ ಆಗುವುದಿಲ್ಲ. ಇದೂ ಹಾಗೆಯೇ.

ಮಾಡುವ ಕ್ರಮ ಹೀಗಿದೆ. ಉಪ್ಪುನೀರು ತುಂಬಿಸಿ, ಕಲ್ಲು ಜೋಡಿಸಿ, ಫಿಲ್ಟರ್ ಓಡಿಸಿ. ಮೀನಿಲ್ಲದ ಆ ನೀರಿಗೆ ಒಂದು ಸಣ್ಣ ಹಸಿ ಸಿಗಡಿಯ ತುಂಡು ಹಾಕಿ. ಅದು ಕೊಳೆತು ಅಮೋನಿಯಾ ಹುಟ್ಟಲಿ. ಅದೇ ಆ ಬ್ಯಾಕ್ಟೀರಿಯಾಗಳ ಆಹಾರ. ಆರೋಗ್ಯವಾಗಿರುವ ಇನ್ನೊಂದು ಉಪ್ಪುನೀರಿನ ತೊಟ್ಟಿಯಿಂದ ಸ್ವಲ್ಪ ಫಿಲ್ಟರ್ ಸ್ಪಂಜು ಸಿಕ್ಕಿದರೆ ಹೆಪ್ಪು ಹಾಕಿದಂತೆಯೇ ಆಯಿತು. ಅಕ್ವೇರಿಯಂ ಅಂಗಡಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಸಿಗುತ್ತದೆ. ಕೆಲವು ದಿನಗಳಿಗೊಮ್ಮೆ ಪರೀಕ್ಷಿಸಿ. ಮೊದಲು ಅಮೋನಿಯಾ ಏರುತ್ತದೆ, ಇಳಿಯುತ್ತದೆ. ಆಮೇಲೆ ನೈಟ್ರೈಟ್ ಏರುತ್ತದೆ, ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಕಾಣಿಸಿಕೊಂಡರೆ ನೀರು ಸಿದ್ಧವಾಗಿದೆ ಎಂದರ್ಥ. ಆಗ ಸ್ವಲ್ಪ ನೀರು ಬದಲಾಯಿಸಿ ಮೀನು ತನ್ನಿ. ಮೀನು ಸಾಕುವವರು ನಿಜವಾಗಿ ಸಾಕುವುದು ನೀರನ್ನು.

ಯಾವ ಉಪ್ಪು, ಯಾವ ನೀರು?

ಅಡುಗೆ ಉಪ್ಪು ಖಂಡಿತ ಬೇಡ. ಸಮುದ್ರದ ನೀರಿನಲ್ಲಿ ಬರೀ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಹಲವು ಲವಣಗಳಿರುತ್ತವೆ. ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಉಪ್ಪಿನ ಪೊಟ್ಟಣ ಸಿಗುತ್ತದೆ. ಒಂದು ಲೀಟರ್ ಸಮುದ್ರ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಂತೆ, ಬೇರೆ ಬಕೆಟ್ಟಿನಲ್ಲಿ ಹಿಂದಿನ ದಿನವೇ ಕಲಸಿ, ಪಂಪ್ ಓಡಿಸಿ ಇಡಿ. ಸೋಪು ತಾಗದ, ಇದಕ್ಕೆಂದೇ ಮೀಸಲಾದ ಬಕೆಟ್ ಇರಲಿ. ಹೈಡ್ರೋಮೀಟರಿನಲ್ಲಿ ಅಳೆದಾಗ 1.023ರಿಂದ 1.025ರ ಒಳಗೆ ಬರಬೇಕು.

"ನಮ್ಮ ಮನೆ ಕಡಲ ತೀರದಲ್ಲೇ ಇದೆ, ಅಲ್ಲಿಂದಲೇ ನೀರು ತರಬಹುದಲ್ಲ?" ಎಂದು ಕರಾವಳಿಯ ಸಹೋದರಿಯರು ಕೇಳಬಹುದು. ತೀರದ ನೀರಿನಲ್ಲಿ ದೋಣಿಗಳ ಎಣ್ಣೆ, ಚರಂಡಿಯ ಕೊಳೆ, ರೋಗಾಣುಗಳಿರುತ್ತವೆ. ಮಳೆಗಾಲದಲ್ಲಂತೂ ನೇತ್ರಾವತಿ, ಶರಾವತಿಯಂಥ ನದಿಗಳ ಸಿಹಿನೀರು ಬೆರೆತು ಉಪ್ಪಿನಂಶವೇ ಕುಸಿದಿರುತ್ತದೆ. ಆ ದಾರಿ ಬೇಡ.

ಬೆರೆಸಲು ಆರ್‌ಓ ನೀರು ಒಳ್ಳೆಯದು. ನಲ್ಲಿ ನೀರಿನ ಕ್ಲೋರಿನ್ ಮೀನಿಗೂ ಬ್ಯಾಕ್ಟೀರಿಯಾಗಳಿಗೂ ವಿಷ. ಇದೇ ಕಾರಣಕ್ಕೆ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ನಮ್ಮ ಹೆಂಗಸರ ಶುಚಿತ್ವದ ಹಠ ಇಲ್ಲಿ ಸ್ವಲ್ಪ ಕಡಿಮೆಯಾಗಬೇಕು!

ಸಾರು ಕುದಿದು ಇಂಗಿದರೆ ಉಪ್ಪು ಹೆಚ್ಚಾಗುವುದು ನಿಮಗೆಲ್ಲ ಗೊತ್ತು. ತೊಟ್ಟಿಯಲ್ಲೂ ಅದೇ ಆಗುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಒಂದು ಗೆರೆ ಎಳೆದು, ನೀರು ಅದರಿಂದ ಕೆಳಗಿಳಿದಷ್ಟನ್ನು ದಿನವೂ ಉಪ್ಪಿಲ್ಲದ ಆರ್‌ಓ ನೀರಿನಿಂದ ತುಂಬಿಸಿ. ವಾರಕ್ಕೊಮ್ಮೆ ನೂರರಲ್ಲಿ ಹತ್ತು ಹದಿನೈದು ಪಾಲು ಹಳೆಯ ನೀರು ತೆಗೆದು, ಕಲಸಿಟ್ಟ ಹೊಸ ಉಪ್ಪುನೀರು ಹಾಕಿ. ಬ್ಯಾಕ್ಟೀರಿಯಾಗಳು ಉಳಿಸಿಹೋದ ನೈಟ್ರೇಟ್ ಹೊರಹೋಗುವುದು ಹೀಗೆ. ಎಲ್ಲ ನೀರನ್ನೂ ಒಮ್ಮೆಗೇ ಚೆಲ್ಲಿ ತೊಟ್ಟಿ ತೊಳೆಯಬೇಡಿ.

ತೊಟ್ಟಿ, ಶಾಖ, ಕರೆಂಟು

ತೊಟ್ಟಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ಅದರಲ್ಲಿ ನೀರು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ಒಂದು ಜೋಡಿಗೆ 75ರಿಂದ 100 ಲೀಟರಿನ ತೊಟ್ಟಿ ಇರಲಿ. ನೂರು ಲೀಟರ್ ನೀರೆಂದರೆ ನೂರು ಕಿಲೋ ಮೀರಿದ ಭಾರ, ಗಾಜು ಕಲ್ಲುಗಳ ತೂಕ ಬೇರೆ. ಟಿ.ವಿ. ಸ್ಟ್ಯಾಂಡಿನ ಮೇಲೆ ಇಡಬೇಡಿ. ಮುಚ್ಚಳವೂ ಬೇಕು, ಈ ಮೀನು ಕೆಲವೊಮ್ಮೆ ಹೊರಗೆ ನೆಗೆಯುತ್ತದೆ.

ನೀರಿನ ಶಾಖ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರು, ಚಿಕ್ಕಮಗಳೂರಿನ ಚಳಿಗಾಲಕ್ಕೆ ಹೀಟರ್ ಬೇಕು. ಮಂಗಳೂರಿನ ಎಪ್ರಿಲ್, ಮೇ ತಿಂಗಳಲ್ಲಿ ತೊಂದರೆ ತಿರುಗುಮುರುಗು. ನೀರಿನ ಮೇಲ್ಮೈಗೆ ಗಾಳಿ ಬೀಳುವಂತೆ ಒಂದು ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಆಗ ನೀರು ಹೆಚ್ಚು ಆರುವುದರಿಂದ ತುಂಬಿಸುವುದನ್ನು ಮರೆಯಬೇಡಿ.

ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪ್ ಒಂದನ್ನು ಮನೆಯಲ್ಲಿಡಿ. ಅದಿಲ್ಲದಿದ್ದರೆ ಮಗ್ಗಿನಲ್ಲಿ ನೀರೆತ್ತಿ ಮೇಲಿನಿಂದ ಆಗಾಗ ಸುರಿಯುತ್ತಿರಿ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ಚುಗಳನ್ನು ಆರಿಸಿ ಪ್ಲಗ್ ಕಳಚಿ. ಉಪ್ಪುನೀರು ಮತ್ತು ಕರೆಂಟಿನೊಂದಿಗೆ ಆಟ ಬೇಡ.

ಮನೆಯೊಳಗಿನ ಶತ್ರುಗಳು

ಇದನ್ನು ಗೃಹಿಣಿಯರು ವಿಶೇಷವಾಗಿ ಗಮನಿಸಬೇಕು. ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಕೋಣೆಯಲ್ಲಿ ಏನಿದೆಯೋ ಅದು ನೀರಿಗೂ ಹೋಗುತ್ತದೆ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನುಗಳಿಗೆ ಬಹಳ ವಿಷಕಾರಿ. ಅಕ್ವೇರಿಯಂ ಇರುವ ಕೋಣೆಯಲ್ಲಿ ಸೊಳ್ಳೆ ಪರದೆಯನ್ನೇ ಬಳಸಿ. ಲೋಬಾನದ ಹೊಗೆ, ರೂಮ್ ಫ್ರೆಶ್ನರ್, ಫಿನಾಯಿಲ್ ಕೂಡಾ ದೂರವಿರಲಿ. ಅತ್ತರು, ತಲೆಗೆಣ್ಣೆ, ಮೆಹಂದಿ, ಸೋಪು ತಾಗಿದ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯದೆ ತೊಟ್ಟಿಗೆ ಹಾಕಬೇಡಿ.

ತಿಂಡಿಯ ವಿಷಯದಲ್ಲಿ ನಮ್ಮ ಅತಿಥಿ ಸತ್ಕಾರವೇ ಮೀನಿಗೆ ಅಪಾಯ. ದಿನಕ್ಕೆರಡು ಬಾರಿ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿ. ಸಮುದ್ರ ಮೀನಿಗೆಂದೇ ಇರುವ ಗುಳಿಗೆಯ ಜೊತೆಗೆ, ಆಗಾಗ ತಾಜಾ ಸಿಗಡಿಯನ್ನು ಸಿಪ್ಪೆ ಬಿಡಿಸಿ, ತೊಳೆದು, ಸಾಸಿವೆ ಗಾತ್ರಕ್ಕೆ ಕೊಚ್ಚಿ ಕೊಡಬಹುದು. ಅನ್ನ, ಬ್ರೆಡ್ಡು, ಬಿಸ್ಕೆಟ್ ಬೇಡ. ಮನೆಯಲ್ಲಿ ತಿಂಡಿ ಹಾಕುವ ಕೆಲಸ ಒಬ್ಬರದೇ ಆಗಿರಲಿ. ಇಲ್ಲವಾದರೆ ಅಜ್ಜಿ ಒಮ್ಮೆ, ಮೊಮ್ಮಗಳು ಒಮ್ಮೆ, ಬಂದ ನೆಂಟರು ಒಮ್ಮೆ ಎಂದು ನೀರು ಕೊಳೆಯುತ್ತದೆ.

ಕಾಯಿಲೆಯ ಗುರುತು

ಮೀನು ಜೋರಾಗಿ ಉಸಿರಾಡುವುದು, ತಿಂಡಿ ಬಿಡುವುದು, ಕಲ್ಲಿಗೆ ಮೈ ಉಜ್ಜುವುದು, ರೆಕ್ಕೆಗಳನ್ನು ಮುದುಡಿಕೊಳ್ಳುವುದು, ಇವು ಅಪಾಯದ ಗುರುತುಗಳು. ಆಗ ಮೊದಲು ಔಷಧಿ ಹುಡುಕಬೇಡಿ, ನೀರು ಪರೀಕ್ಷಿಸಿ. ಅಮೋನಿಯಾ ಕಂಡುಬಂದರೆ ಅದೇ ಶಾಖದ, ಅಷ್ಟೇ ಉಪ್ಪಿನ ಹೊಸ ನೀರಿನಿಂದ ಕಾಲುಭಾಗ ಬದಲಾಯಿಸಿ, ಅಗತ್ಯವಾದರೆ ಮರುದಿನವೂ ಬದಲಾಯಿಸಿ.

ಮೈಮೇಲೆ ರವೆಯ ಕಾಳಿನಂಥ ಬಿಳಿ ಚುಕ್ಕೆಗಳಿದ್ದರೆ ಅದು ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗ. ಕೆಲವು ದಿನಗಳಲ್ಲಿ ಚುಕ್ಕೆಗಳು ತಾವಾಗಿಯೇ ಮಾಯವಾಗುತ್ತವೆ. ಗುಣವಾಯಿತೆಂದು ಮೋಸ ಹೋಗಬೇಡಿ. ಅವು ಮರಳಿಗೆ ಉದುರಿ, ಅಲ್ಲಿ ಮರಿ ಮಾಡಿ, ಹತ್ತಾರು ಪಟ್ಟಾಗಿ ಮರಳುತ್ತವೆ. ಮೀನನ್ನು ಬೇರೆ ತೊಟ್ಟಿಗೆ ಸಾಗಿಸಿ ಅಲ್ಲಿಯೇ ಚಿಕಿತ್ಸೆ ಮಾಡಬೇಕು. ಮೂಲ ತೊಟ್ಟಿಯನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಟ್ಟರೆ ಆಶ್ರಯ ಸಿಗದೆ ಪರಾವಲಂಬಿ ನಾಶವಾಗುತ್ತದೆ. ಈ ರೋಗಕ್ಕೆ ಬಳಸುವ ತಾಮ್ರದ ಔಷಧಿಯನ್ನು ಮೂಲ ತೊಟ್ಟಿಗೆ ಸುರಿಯಬೇಡಿ. ಅದು ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಪ್ರಮಾಣ ತಪ್ಪಿದರೆ ಮೀನನ್ನೂ ಕೊಲ್ಲುತ್ತದೆ. ಚಿನ್ನದ ಪುಡಿ ಉದುರಿಸಿದಂತೆ ಮೈ ಮಸುಕಾದರೆ, ಇಲ್ಲವೇ ಬಿಳಿ ಲೋಳೆ ಸುಲಿದು ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಅನುಭವಿಗಳನ್ನು ಕೂಡಲೇ ಸಂಪರ್ಕಿಸಿ.

ಕಾಯಿಲೆ ಬಾರದಂತೆ ತಡೆಯಲು ಹೊಸ ಮೀನನ್ನು ನಾಲ್ಕು ವಾರವಾದರೂ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದೇ ಒಳ್ಳೆಯ ಉಪಾಯ.

ಆದರೆ ಸುಮ್ಮಸುಮ್ಮನೆ ಹೆದರಲೂ ಬೇಡಿ. ಕ್ಲೌನ್ ಮೀನು ರಾತ್ರಿ ಮೂಲೆಯಲ್ಲಿ ಓರೆಯಾಗಿ, ಕೆಲವೊಮ್ಮೆ ಮಗ್ಗುಲಾಗಿ ಮಲಗುತ್ತದೆ. ಚಿಕ್ಕದು ದೊಡ್ಡದರ ಮುಂದೆ ಮೈ ನಡುಗಿಸುತ್ತದೆ. ಅದು ಜ್ವರವಲ್ಲ, ದೊಡ್ಡದಕ್ಕೆ ಸಲ್ಲಿಸುವ ಮರ್ಯಾದೆ ಅಷ್ಟೆ.

ಎಲ್ಲಿಂದ ತಂದ ಮೀನು?

ಕೊಳ್ಳುವಾಗ ಇದನ್ನು ಕೇಳಲೇಬೇಕು. ಬಣ್ಣದ ಮೀನುಗಳನ್ನು ಹಿಡಿಯಲು ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡಲುಗಳಲ್ಲಿ ಸಯನೈಡ್ ಸಿಂಪಡಿಸಿದ ಇತಿಹಾಸವಿದೆ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು ಮನೆಯಲ್ಲಿ ಸಾಯಬಹುದು, ಹವಳವೂ ಹಾಳಾಗುತ್ತದೆ. ಅದೃಷ್ಟವಶಾತ್ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಬಹುದು. ನಮ್ಮ ದೇಶದಲ್ಲೇ ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರಲ್ಲಿ ಯಶಸ್ವಿಯಾಗಿದ್ದಾರೆ. ಆದ್ದರಿಂದ ತೊಟ್ಟಿಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಪಡೆಯಿರಿ. ಅದು ಗುಳಿಗೆ ತಿನ್ನಲು ಕಲಿತಿರುತ್ತದೆ, ತೊಟ್ಟಿಗೆ ಒಗ್ಗಿರುತ್ತದೆ, ಅನಿಮೋನ್ ಇಲ್ಲದೆಯೂ ಸುಖವಾಗಿರುತ್ತದೆ. ನಿಮ್ಮೆದುರೇ ತಿಂಡಿ ಹಾಕಿಸಿ, ತಿನ್ನುವ ಮೀನನ್ನು ಮಾತ್ರ ತನ್ನಿ.

ಹವಳ, ಕಡಲ್ಗುದುರೆಗಳನ್ನು ಸಮುದ್ರದಿಂದ ತೆಗೆದು ಮಾರುವವರಿಂದ ಕೊಳ್ಳಬೇಡಿ. 2001ರಿಂದ ಅವು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮಕ್ಕಳು ಕೇಳುವ ನೀಲಿ ಬಣ್ಣದ ಡೋರಿ ಮೀನು ಒಂದು ಅಡಿಯಷ್ಟು ಬೆಳೆಯುತ್ತದೆ, ಮನೆಯ ಪುಟ್ಟ ತೊಟ್ಟಿಗೆ ತಕ್ಕದ್ದಲ್ಲ. ಸಾಕಲಾಗದಿದ್ದರೆ ಮೀನನ್ನು ಕಡಲಿಗೋ ಬಾವಿಗೋ ಬಿಡುವುದೂ ತಪ್ಪು. 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಮೊದಲು ಕಂಡುಬಂದ ಲಯನ್ ಮೀನು ನಮ್ಮ ಕಡೆಯ ಸಾಗರಗಳದ್ದು. ಅಕ್ವೇರಿಯಂಗಳಿಂದ ಬಿಟ್ಟದ್ದೇ ಅದು ಅಲ್ಲಿಗೆ ತಲುಪಿದ್ದೆಂದು ನಂಬಲಾಗಿದೆ. ಇಂದು ಅದು ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ. ಬೇಡವಾದ ಮೀನನ್ನು ಅಂಗಡಿಗೋ ಸಾಕುವವರಿಗೋ ಕೊಟ್ಟುಬಿಡಿ.

ಕೊನೆಗೆ ಒಂದು ಮಾತು. ಇದು ಖರ್ಚಿನ ಹವ್ಯಾಸ. ಮೀನಿನ ಬೆಲೆಯ ಎಷ್ಟೋ ಪಟ್ಟು ಹಣ ನೀರಿಗೆ ಬೇಕು. ಅಷ್ಟು ಹಣ, ಅಷ್ಟು ಸಮಯ ಇಲ್ಲವೆಂದಾದರೆ ಸಿಹಿನೀರಿನ ಗಪ್ಪಿಗಳನ್ನು ಸಾಕಿ. ಅವೂ ಬಣ್ಣದ ಮೀನುಗಳೇ. ಸಾಲ ಮಾಡಿ ತಂದು ಸಾಯಿಸುವುದಕ್ಕಿಂತ ತಾರದಿರುವುದೇ ಮೇಲು. ತಂದ ಮೇಲೆ ಅದು ನಮ್ಮ ಕೈಯಲ್ಲಿರುವ ಅಮಾನತು. ಹಸಿವಾಯಿತೆಂದು ಬೆಕ್ಕು ಬಂದು ಕಾಲಿಗೆ ಸುತ್ತುತ್ತದೆ. ಮೀನಿಗೆ ಕೂಗಲೂ ಬಾರದು, ಬಿಟ್ಟು ಹೋಗಲೂ ದಾರಿಯಿಲ್ಲ.

ಭಟ್ಕಳದ ಸಹೋದರಿ, ನಿಮ್ಮ ಮಗಳಿಗೆ ಮೊದಲು ಹೇಳಿ, ಅವಳ ತಪ್ಪಿಲ್ಲವೆಂದು. ಆಮೇಲೆ ತೊಟ್ಟಿಯನ್ನು ಮತ್ತೆ ತುಂಬಿಸಿ, ಒಂದು ಸಿಗಡಿ ತುಂಡು ಹಾಕಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಮಾಡುವ ಕೆಲಸವನ್ನು ಅವಳಿಗೇ ಕೊಡಿ. ನೀರು ಪರೀಕ್ಷಿಸುವಾಗ ಬಣ್ಣ ಓದುವ ಕೆಲಸವೂ ಅವಳದೇ ಆಗಲಿ. ಕಾಯುವುದನ್ನು ಕಲಿತ ಮಗು ಊಟವನ್ನೂ ಮಾಡುತ್ತದೆ.

ನಮ್ಮ ಮನೆಯಲ್ಲಿ ಕಾದು ತಂದ ಆ ಜೋಡಿ ಈಗಲೂ ಇದೆ. ದೊಡ್ಡದು ನನ್ನನ್ನು ಕಂಡೊಡನೆ ಗಾಜಿನ ಹತ್ತಿರ ಬರುತ್ತದೆ. ಮಗ ಈಗ ಹಾಸ್ಟೆಲ್‌ನಲ್ಲಿದ್ದಾನೆ. ಪ್ರತೀ ಶುಕ್ರವಾರ ಸಂಜೆ ಫೋನ್ ಮಾಡುತ್ತಾನೆ. ಸಲಾಮ್ ಹೇಳಿ, ನನ್ನ ಆರೋಗ್ಯ ವಿಚಾರಿಸಿದ ಮೇಲೆ ಅವನು ಕೇಳುವ ಪ್ರಶ್ನೆ ಒಂದೇ: "ಉಮ್ಮಾ, ನೀರು ಬದಲಾಯಿಸಿದ್ರಾ?"